ಮಲ್ಲಪ್ಪನವರ ಬಾವಿಗೆ ನೀರು ಬಂದ ವರ್ಷ

ಕಾಫಿ ಹೂ ಬಿಟ್ಟಾಗ ಎಲ್ಲರೂ ಅದರ ವಾಸನೆಯ ಬಗ್ಗೆ ಮಾತಾಡುತ್ತಾರೆ. ಪ್ರವಾಸಿಗರು ಕಾರು ನಿಲ್ಲಿಸಿ ಮೂಗರಳಿಸುತ್ತಾರೆ, ಗಿಡಕ್ಕೆ ಕೆನ್ನೆ ತಾಗಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆ ಒಂಟಿಯಾಗಿ ಬರುವುದೇ ಇಲ್ಲ, ಅದರ ಜೊತೆ ಡೀಸೆಲ್ ಹೊಗೆಯೂ ಬರುತ್ತದೆ. ಮೊಗ್ಗು ಅರಳಿಸುವ ಬೇಸಿಗೆಯ ಹೂಮಳೆ ಕೈಕೊಟ್ಟ ವರ್ಷ ತೋಟದವರು ಸುಮ್ಮನೆ ಕೂರುವವರಲ್ಲ. ಕೆರೆಗೆ, ಹೊಳೆಗೆ, ಬೋರಿಗೆ ಮೋಟಾರು ಹಾಕಿ, ಪೈಪು ಜೋಡಿಸಿ, ಗಿಡಗಳ ಮೇಲೆ ನೀರು ಚಿಮ್ಮಿಸುತ್ತಾರೆ. ಮೊಗ್ಗು ನೆನೆದರೆ ಸಾಕು, ಸ್ವಲ್ಪ ದಿನದಲ್ಲೇ ಗುಡ್ಡವಿಡೀ ಬೆಳ್ಳಗಾಗುತ್ತದೆ. ಮೊನ್ನೆ ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಬರುವಾಗ ಆ ಹೂವೂ ಆ ಹೊಗೆಯೂ ಕಿಟಕಿಯಿಂದ ಒಟ್ಟಿಗೇ ನುಗ್ಗಿದವು. ಪಕ್ಕದಲ್ಲಿದ್ದ ಹೆಂಗಸು ‘ಆಹಾ’ ಅಂದರು. ನನಗೆ ಮಲ್ಲಪ್ಪನವರ ಸೊಸೆ ಸೌಮ್ಯಾಳ ನೆನಪಾಯಿತು.

ಆ ವರ್ಷ ನನ್ನ ಕೆಲಸ ಮಣ್ಣು, ನೀರು ಹೊರುವುದು. ಹೀಗೆ ಹೇಳಿದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಅವರು ಸಿದ್ದಾಪುರದ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಎಂ.ಎಸ್ಸಿ. ಓದಿಸಿದ ಮಗಳು ಕ್ಯಾನು, ಕೊಳವೆ ಹಿಡಿದು ಕಂಡವರ ಬಾವಿ ಇಣುಕುವುದು ಅವರ ಮನಸ್ಸಿಗೆ ಸರಿಬರಲಿಲ್ಲ. ಆದರೆ ಕೆಲಸ ಅದೇ ಆಗಿತ್ತು. ಸೋಮವಾರಪೇಟೆಯಿಂದ ಒಳಗೆ, ತೋಟಗಳ ನಡುವೆ, ಒಂದು ಖಾಸಗಿ ಕಂಪನಿ ಕಾಳುಮೆಣಸು, ಏಲಕ್ಕಿ ಶುದ್ಧಮಾಡುವ ಘಟಕ ಹಾಕಿತ್ತು. ಕರೆಂಟಿನ ಬಲದಿಂದ ಎಲೆಕ್ಟ್ರಾನುಗಳನ್ನು ಓಡಿಸಿ, ಮೂಟೆಗಳ ಮೇಲೆ ಹಾಯಿಸಿ, ಒಳಗಿನ ಕ್ರಿಮಿ ಕೊಲ್ಲುವ ಯಂತ್ರ ಅದು. ಪುಸ್ತಕದಲ್ಲಿ ಅದಕ್ಕೆ ಕಣವೇಗವರ್ಧಕ ಅಂತ ಹೆಸರು. ಊರಿನವರ ಬಾಯಲ್ಲಿ ‘ಅಣುಬಾಂಬಿನ ಮೆಷಿನ್’ ಆಗಿತ್ತು.

ಇಂಥ ಯಂತ್ರಗಳ ಪೈಕಿ ಬಹಳ ದೊಡ್ಡವು ಕೆಲವಿವೆ. ಅವುಗಳ ಸುತ್ತ ಗೋಡೆ ದಾಟಿದ ಕಣಗಳು ಮಣ್ಣಿಗೆ ಬಡಿದು, ಮಣ್ಣಿನಲ್ಲೇ ಹೊಸದಾಗಿ ವಿಕಿರಣ ಹುಟ್ಟಿಸಬಲ್ಲವು. ಟ್ರಿಟಿಯಂ ಎಂಬುದೊಂದು ಹುಟ್ಟುತ್ತದೆ. ಅದು ನೀರಿನೊಳಗೆ ನೀರಾಗಿಯೇ ಸೇರಿಕೊಂಡು ಅಂತರ್ಜಲದ ಜೊತೆ ಹರಿಯುತ್ತದೆ. ನಮ್ಮ ಮೆಣಸಿನ ಯಂತ್ರ ಚಿಕ್ಕದು, ಅದಕ್ಕೆ ಅಷ್ಟು ಶಕ್ತಿಯಿಲ್ಲ. ಆದರೂ ‘ಇಲ್ಲ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಅಳೆದು ತೋರಿಸಬೇಕು. ಹಾಗಾಗಿ ಯಂತ್ರ ಶುರುವಾಗುವ ಮೊದಲೂ ಆಮೇಲೂ ಸುತ್ತಲಿನ ತೆರೆದ ಬಾವಿಗಳ ನೀರು, ಬಾವಿ ಪಕ್ಕದ ಮಣ್ಣು ತಂದು ಪರೀಕ್ಷಿಸುವ ಕೆಲಸ ನಮ್ಮ ಪ್ರಯೋಗಾಲಯಕ್ಕೆ ಬಂದಿತ್ತು. ವ್ಯಾನ್ ಓಡಿಸುತ್ತಿದ್ದವರು ನೆಲ್ಯಹುದಿಕೇರಿಯ ಮೊಯ್ದುಕ್ಕ, ಮಲಯಾಳದಲ್ಲಿ ‘ಇಕ್ಕ’ ಅಂದರೆ ಅಣ್ಣ. ನಾನು ಬಾವಿಗೆ ಬಾಗಿದಾಗಲೆಲ್ಲ ಹಿಂದೆ ನಿಂತು ನನ್ನ ದುಪಟ್ಟಾದ ತುದಿ ಹಿಡಿದುಕೊಳ್ಳುತ್ತಿದ್ದರು. ‘ನೀವು ಬಿದ್ರೆ ಸ್ಯಾಂಪಲ್ ಹಾಳಾಗ್ತದೆ ಮೇಡಂ’ ಅನ್ನುವುದು ಅವರ ತಮಾಷೆ.

ಯಂತ್ರಕ್ಕೆ ತೀರ ಹತ್ತಿರದ ಬಾವಿ ಮಲ್ಲಪ್ಪನವರದು. ಒಳ್ಳೆಯ ಬೆಳೆಗಾರರು, ಮಾತು ಕಡಿಮೆ, ಮರ್ಯಾದೆಯ ಬಗ್ಗೆ ವಿಪರೀತ ಕಾಳಜಿ. ಹೆಂಡತಿ ಪಾರ್ವತಮ್ಮ ಅದಕ್ಕೆ ಪೂರಾ ಉಲ್ಟಾ. ವ್ಯಾನಿನ ಸದ್ದು ಕೇಳಿದರೆ ಬೆಲ್ಲ, ನೀರು ಹಿಡಿದು ಅಂಗಳಕ್ಕೇ ಬಂದುಬಿಡುತ್ತಿದ್ದರು. ಅಂಗಳದ ಆ ಬಾವಿಯ ನೀರೇ ಮನೆಗೂ, ಕೆಲಸದವರ ಲೈನುಮನೆಗಳಿಗೂ ಕುಡಿಯಲು. ತೋಟದ ಮೇಲ್ಭಾಗದಲ್ಲಿ ಒಂದು ಬೋರ್ ಇತ್ತು. ಅದು ಹೂವಿಗೆ ನೀರು ಹಾಯಿಸುವುದಕ್ಕೆ ಮಾತ್ರ. ಮೊದಲ ಸಲ ನಾವು ತಂದ ಬಾವಿ ನೀರು ಅಪ್ಪಟವಾಗಿತ್ತು.

ಆ ವರ್ಷ ಮಾರ್ಚ್ ಬಂದರೂ ಹೂಮಳೆಯ ಸುಳಿವಿರಲಿಲ್ಲ. ಎಲ್ಲ ತೋಟಗಳ ಮೋಟಾರೂ ಒಟ್ಟಿಗೇ ಎಳೆಯತೊಡಗಿ ಬಾವಿಗಳು ಒಂದೊಂದಾಗಿ ತಳ ಕಂಡವು. ಮಲ್ಲಪ್ಪನವರ ಬಾವಿಯಲ್ಲೂ ಕೊಡ ಮುಳುಗುವಷ್ಟು ನೀರಿಲ್ಲ ಎಂದು ಪಾರ್ವತಮ್ಮ ಫೋನಿನಲ್ಲಿ ಗೋಳಾಡಿದ್ದರು. ಅದೇ ಹೊತ್ತಿಗೆ ಅವರ ಮಗ ಕಿರಣನ ಮದುವೆ. ಹುಡುಗಿ ಅರಕಲಗೂಡು ಕಡೆಯವಳು, ಹೆಸರು ಸೌಮ್ಯ. ಮದುವೆ ಸೋಮವಾರಪೇಟೆಯ ಛತ್ರದಲ್ಲಿ. ಮರುದಿನ ಬೆಳಿಗ್ಗೆ ಮನೆಯಲ್ಲಿ ಗಂಗೆಪೂಜೆ. ಹೊಸ ಸೊಸೆ ಬಾವಿಗೆ ಅರಿಸಿನ ಕುಂಕುಮ ಹಚ್ಚಿ, ಮೊದಲ ಕೊಡ ಸೇದಿ, ಆ ನೀರನ್ನು ದೇವರಿಗೆ ಇಟ್ಟು, ತಾನೂ ತೀರ್ಥ ತೆಗೆದುಕೊಂಡು, ಒಳಗೆ ಒಯ್ಯಬೇಕು. ಆಮೇಲೆಯೇ ಅವಳು ಆ ಮನೆಯವಳು.

ಮದುವೆಯಾದ ವಾರದೊಳಗೆ ನಾವು ಹೋದೆವು. ಯಂತ್ರವನ್ನು ಪರೀಕ್ಷೆಗೆಂದು ಆಗಷ್ಟೇ ಓಡಿಸತೊಡಗಿದ್ದರು. ಬೇರೆ ಬಾವಿಗಳಲ್ಲಿ ಕೆಸರು ಕೆರೆದು ಬಂದ ನನಗೆ ಮಲ್ಲಪ್ಪನವರ ಬಾವಿಯಲ್ಲಿ ತಿಳಿನೀರು ನಿಂತಿದ್ದು ನೋಡಿ ಆಶ್ಚರ್ಯವಾಯಿತು. ಪಾರ್ವತಮ್ಮ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು.

“ನೋಡಮ್ಮ, ಛತ್ರಕ್ಕೆ ಹೊರಡುವಾಗ ತಳ ಕಾಣ್ತಿತ್ತು. ಸೊಸೆ ಹೊಸ್ತಿಲು ತುಳಿದ್ಲು, ಬಾವಿ ತುಂಬ್ತು. ಇದಕ್ಕೇನಂತೀರ ನೀವು ಓದಿದೋರು?”

“ಸೊಸೇನ ನಮ್ಮೂರಿಗೂ ಸ್ವಲ್ಪ ದಿನ ಕಳಿಸಿಕೊಡಿ ಅಮ್ಮ” ಅಂದೆ. ಅವರು ನಕ್ಕರು. ಬಾಗಿಲ ಹತ್ತಿರ ನಿಂತಿದ್ದ ಸೌಮ್ಯ ನಗಲಿಲ್ಲ. ಕಾಲ್ಗುಣದ ಈ ಕಥೆ ಆಗಲೇ ನೆಂಟರಿಷ್ಟರ ಮನೆಯನ್ನೆಲ್ಲ ತಲುಪಿತ್ತು. ಮಲ್ಲಪ್ಪನವರು ತೋಟಕ್ಕೆ ಹೋಗಿಬಿಟ್ಟಿದ್ದರು, ಮಾತಿಗೆ ಸಿಗಲಿಲ್ಲ. ಒಂದು ಕಡೆ ಒರತೆ ಒತ್ತಿ ಬಂದಿರಬಹುದು ಎಂದುಕೊಂಡು ನೀರು ತುಂಬಿಸಿಕೊಂಡು ಬಂದೆ.

ಫಲಿತಾಂಶ ಬಂದಾಗ ನಮ್ಮ ಮೇಲಿನವರು ಎರಡೆರಡು ಸಲ ಪರೀಕ್ಷೆ ಮಾಡಿಸಿದರು. ಟ್ರಿಟಿಯಂ ಇರಲಿಲ್ಲ. ಯಂತ್ರದಿಂದ ಬರಬಹುದಾದ ಯಾವುದೂ ಇರಲಿಲ್ಲ. ಆದರೆ ಯುರೇನಿಯಂ ಇತ್ತು, ಕುಡಿಯುವ ನೀರಿನ ಮಿತಿಗಿಂತ ಸಾಕಷ್ಟು ಮೇಲೆ. ದಿನಾ ಕುಡಿದರೆ ಮೂತ್ರಪಿಂಡ ಹಾಳುಮಾಡುವಷ್ಟು. ಯುರೇನಿಯಂ ಹುಟ್ಟಿಸುವುದು ಆ ಯಂತ್ರದಿಂದ ಆಗುವ ಕೆಲಸವೇ ಅಲ್ಲ. ಅದು ಬಂಡೆಯಲ್ಲಿ ಭೂಮಿ ಹುಟ್ಟಿದಾಗಿನಿಂದ ಇರುವಂಥದ್ದು, ಆಳದ ನೀರಿನಲ್ಲಿ ಕರಗಿ ಮೇಲೆ ಬರುತ್ತದೆ. ಹಾಗಾದರೆ ಮೊನ್ನೆಯವರೆಗೂ ಅಪ್ಪಟವಾಗಿದ್ದ ಬಾವಿಗೆ ಅದು ಬಂದದ್ದು ಹೇಗೆ? ಯಾರಿಗೂ ತಿಳಿಯಲಿಲ್ಲ. ಬಾವಿ ನೀರು ಕುಡಿಯಬೇಡಿ ಎಂದು ಮನೆಗೆ ತಿಳಿಸಿ ಬರಲು ನನ್ನನ್ನು ಕಳಿಸಿದರು.

ಸುದ್ದಿ ಊರು ಸುತ್ತಲು ಒಂದು ಮಧ್ಯಾಹ್ನ ಸಾಕಾಯಿತು. ಘಟಕದ ಗೇಟಿನ ಮುಂದೆ ಜನ ಸೇರಿದರು. ಮೆಷಿನ್ ಶುರುವಾದ ತಿಂಗಳೇ ಬಾವಿಗೆ ವಿಷ ಬಂದಿದೆ, ಇನ್ನೇನು ಸಾಕ್ಷಿ ಬೇಕು ಎಂದು ಕೂಗಾಟ. ಯುರೇನಿಯಂ ಯಂತ್ರದಿಂದ ಬರುವುದಿಲ್ಲ ಎಂದು ನಾನು ಎದುರು ನಿಂತು ಹೇಳಿದೆ. “ಕಂಪನಿಯೋರು ಎಷ್ಟು ಕೊಟ್ರು ಮೇಡಂ?” ಎಂದು ಹಿಂದಿನಿಂದ ಯಾರೋ ಕೇಳಿದರು. ಮೊಯ್ದುಕ್ಕ ನನ್ನನ್ನು ವ್ಯಾನಿಗೆ ಹತ್ತಿಸಿದರು. ಕಂಪನಿ ಯಂತ್ರ ನಿಲ್ಲಿಸಿತು.

ಪಾರ್ವತಮ್ಮ ಮಾತ್ರ ಯಂತ್ರದ ಮಾತಿಗೆ ಒಪ್ಪಲಿಲ್ಲ. ಅವರ ವಾದ ಬೇರೆ. “ಮೆಷಿನ್ ಎಲ್ರಿಗೂ ಒಂದೇ ಅಲ್ವೇನಮ್ಮ? ಆಚೆ ಮನೆ ಬಾವಿ ಕೆಡಲಿಲ್ಲ, ಈಚೆ ಮನೇದು ಕೆಡಲಿಲ್ಲ. ನಮ್ದೇ ಯಾಕೆ ಕೆಡ್ತು?” ಕೇಳಬೇಕಾದ ಪ್ರಶ್ನೆಯೇ ಅದು, ನಮ್ಮ ಪ್ರಯೋಗಾಲಯವೂ ಅದನ್ನೇ ಕೇಳುತ್ತಿತ್ತು. ಆದರೆ ಉತ್ತರವನ್ನು ಅವರು ಆಗಲೇ ಹುಡುಕಿಕೊಂಡಿದ್ದರು. ಇಷ್ಟು ವರ್ಷ ಇಲ್ಲದ್ದು ಇವಳು ಕೊಡ ಇಳಿಸಿದ ಮೇಲೆ ಆಯಿತು ಎಂದರು. ಬಾವಿ ತುಂಬಿಸಿದ ಕಾಲೇ ಬಾವಿ ಕೆಡಿಸಿದ ಕಾಲಾಯಿತು. ಸೌಮ್ಯ ತಂದಿಟ್ಟ ನೀರನ್ನು ಅವರು ಮುಟ್ಟುವುದು ಬಿಟ್ಟರು. ದೇವರ ಕೋಣೆಗೂ ಅವಳು ನೀರು ಒಯ್ಯುವಂತಿಲ್ಲ. ಕಿರಣ ಒಳ್ಳೆಯ ಹುಡುಗನೇ. ಆದರೆ ಅಮ್ಮ ಬಾಯಿ ತೆರೆದರೆ ತಟ್ಟೆ ನೋಡುತ್ತ ಕೂರುವ ಪೈಕಿ. ಮಲ್ಲಪ್ಪನವರು ಊಟ ಮುಗಿಸಿ ಎದ್ದುಹೋಗುತ್ತಿದ್ದರು.

ಕುಡಿಯುವುದಕ್ಕೆ ಈಗ ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. “ಬೋರ್ ನೀರು. ಮನೆಗೂ ಅದೇ, ಲೈನಿಗೂ ಅದೇ” ಎಂದರು ಪಾರ್ವತಮ್ಮ, ದೊಡ್ಡ ಗಂಡಾಂತರದಿಂದ ಪಾರಾದವರ ಸಮಾಧಾನದಲ್ಲಿ. ಆಳದ ಬಂಡೆಯ ನೀರು ಎಂದರೆ ಬೋರಿನ ನೀರಲ್ಲದೆ ಇನ್ಯಾವುದು? ಅದನ್ನೂ ಪರೀಕ್ಷೆ ಮಾಡೋಣ, ಒಂದು ಕ್ಯಾನು ಕೊಡಿ ಎಂದು ಮಲ್ಲಪ್ಪನವರನ್ನು ಕೇಳಿದೆ. ಅವರು ನನ್ನ ಮುಖ ನೋಡದೆ, “ಮೆಷಿನ್‌ಗೂ ಬೋರಿಗೂ ಎಂಥ ಸಂಬಂಧ? ನಿಮ್ಮ ಲಿಸ್ಟಲ್ಲಿ ಬಾವಿ ಮಾತ್ರ ಅಲ್ವಾ ಇರೋದು?” ಎಂದುಬಿಟ್ಟರು. ಅದು ನಿಜವೂ ಆಗಿತ್ತು. ಮನೆಯವರು ಕೊಡದೆ ನಾವು ತೆಗೆಯುವ ಹಾಗಿಲ್ಲ.

ಹೊರಡುವಾಗ ಕೈ ತೊಳೆಯಲು ಹಿತ್ತಲಿಗೆ ಹೋದೆ. ಸೌಮ್ಯ ಬಟ್ಟೆ ಒಗೆಯುತ್ತಿದ್ದಳು. ಸೋಪು ತಿಕ್ಕಿ ತಿಕ್ಕಿ ಸಾಕಾದರೂ ನೊರೆ ಬರುತ್ತಿರಲಿಲ್ಲ. ತಲೆಯೆತ್ತದೆ ಮಾತಾಡಿದಳು.

“ಅಕ್ಕ, ನಾನು ಹುಟ್ಟಿದಾಗಿಂದ ಬೋರ್ ನೀರು ಕುಡ್ದೇ ಬೆಳ್ದೋಳು. ನಮ್ಮೂರಲ್ಲಿ ಬೇರೆ ನೀರೇ ಇಲ್ಲ. ಗಂಗೆಪೂಜೆ ದಿನ ತೀರ್ಥ ಅಂತ ಬಾಯಿಗೆ ಬಿಟ್ಕೊಂಡೆನಲ್ಲ, ಅದು ಬಾವಿ ನೀರಲ್ಲ. ಅದೇ ಗಡಸು, ಅದೇ ರುಚಿ. ಬೋರ್ ನೀರು.”

ಎಲ್ಲ ಒಮ್ಮೆಲೇ ಹೊಳೆಯಿತು. ಮನೆಯವರೆಲ್ಲ ಛತ್ರದಲ್ಲಿದ್ದ ದಿನ ಯಾರೋ ತೋಟದ ಪೈಪನ್ನು ಬಾವಿಗೆ ತಿರುಗಿಸಿದ್ದಾರೆ. ಹೂವಿಗೆ ನೀರು ಹಾಯಿಸುವ ಕಾಲದಲ್ಲಿ ಎಲ್ಲಿ ನೋಡಿದರಲ್ಲಿ ಪೈಪು, ಯಾರು ತಿರುಗಿ ನೋಡುತ್ತಾರೆ?

“ಮತ್ತೆ ಹೇಳೋದಲ್ವೇನೇ? ಇಷ್ಟೆಲ್ಲ ಅನ್ನಿಸಿಕೊಂಡು ಯಾಕೆ ಸುಮ್ಮನಿದ್ದೀಯ?”

“ಹೆಂಗಕ್ಕ ಹೇಳ್ಲಿ? ಮಾವ ಹೇಳ್ದೆ ಬೋರಿನ ಪೈಪ್ ಯಾರೂ ಮುಟ್ಟಲ್ಲ. ಬಂದ ದಿನವೇ ಮಾವನ್ನ ಸುಳ್ಳುಗಾರ ಮಾಡಿದ್ಲು ಅಂತಾರೆ. ನೀವೂ ಹೇಳ್ಬೇಡಿ. ನಾನು ಹೇಳ್ದೆ ಅಂತ ಗೊತ್ತಾದ್ರೆ ನನಗೆ ಇಲ್ಲಿ ಬಾಳಕ್ಕಾಗಲ್ಲ.” ಸ್ವಲ್ಪ ತಡೆದು, “ನಿಮ್ಮ ಬಾಟ್ಲಿ ಕೊಡಿ, ಕುಡಿಯೋ ನೀರು ತುಂಬಿಸ್ಕೊಡ್ತೀನಿ” ಎಂದಳು.

ಒಳಗೆ ಹೋಗಿ ಬೋರಿನ ನಲ್ಲಿಯಿಂದ ತುಂಬಿಸಿ ತಂದಳು. ನಾನು ಬಾವಿಯಲ್ಲಿ ಸ್ಯಾಂಪಲ್ ತೆಗೆಯುವಾಗ ಅವಳು ನೋಡಿದ್ದಳು ಅನ್ನಿಸುತ್ತದೆ, ಒಂದು ಗುಳ್ಳೆಯೂ ಉಳಿಯದಂತೆ ಕಂಠಮಟ್ಟ ತುಂಬಿಸಿ ಮುಚ್ಚಳ ಬಿಗಿದಿದ್ದಳು. ಮನೆಗೆ ಬಂದವರಿಗೆ ನೀರು ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.

ಆ ಬಾಟಲಿಯ ನೀರೂ ಬಾವಿಯ ನೀರೂ ಅಕ್ಕತಂಗಿಯರ ಹಾಗೆ ಹೊಂದಿದವು. ಬೋರಿನದು ಒಂದು ಕೈ ಹೆಚ್ಚೇ ಇತ್ತು. ಮನೆಯವರು ಒಪ್ಪಿ ಕೊಟ್ಟ ನೀರಲ್ಲ, ಇದರ ಮೇಲೆ ನಾವು ಏನೂ ಬರೆಯಲಾಗದು ಎಂದರು ಮೇಲಿನವರು. ಬರೆಯದಿದ್ದರೆ ಕತ್ತೆ ಬಾಲ ಎಂದುಕೊಂಡು ನಾನು ಮೊಯ್ದುಕ್ಕನ ಜೊತೆ ಮಲ್ಲಪ್ಪನವರ ತೋಟಕ್ಕೇ ಹೋದೆ. ಅವರು ಒಂಟಿಯಾಗಿ ಬೋರಿನ ಹತ್ತಿರ ಪೈಪು ಬಿಚ್ಚಿ ಜೋಡಿಸಿಡುತ್ತಿದ್ದರು. ಸೌಮ್ಯಾಳ ಹೆಸರೆತ್ತಲಿಲ್ಲ. ಕುಡಿಯಲೆಂದು ನಿಮ್ಮ ಮನೆಯಿಂದ ಒಯ್ದ ನೀರೂ ಬಾವಿ ನೀರೂ ಒಂದೇ ಎಂದು ನಮ್ಮ ಪರೀಕ್ಷೆ ಹೇಳುತ್ತಿದೆ ಎಂದೆ. ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ.

“ಬೀಗರು ಬಯಲುಸೀಮೆಯೋರು ಮೇಡಂ. ಕೊಡಗಿಗೆ ಮಗಳನ್ನ ಕೊಡ್ತಿದೀವಿ, ನೀರಿನ ಕಷ್ಟ ಇಲ್ಲ ಅಂತ ಊರೆಲ್ಲ ಹೇಳ್ಕೊಂಡಿದ್ರು. ಬರಿದು ಬಾವಿ ಮುಂದೆ ಆ ಹುಡುಗಿ ಕೈಯಿಂದ ಹೆಂಗೆ ಪೂಜೆ ಮಾಡಿಸ್ಲಿ? ಒಂದು ದಿನದ ಮಾತು ಅಂತ ಪೈಪ್ ಬಿಡಿಸ್ದೆ.”

“ಈಗ ಹೇಳಿಬಿಡಿ ಸಾರ್. ಆ ಹುಡುಗಿ ಮೇಲೆ ಎಷ್ಟು ಅಪವಾದ ಬಂದಿದೆ ನೋಡ್ತಿದ್ದೀರಲ್ಲ.”

“ಹೇಳಿದ್ರೆ ಗಂಗೆಪೂಜೆ ಆಗ್ಲಿಲ್ಲ ಅಂತಾಯ್ತು. ಬಾವಿ ತುಂಬಿದ್ದನ್ನ ನನ್ನ ಹೆಂಡ್ತಿ ಯಾರ್ಯಾರಿಗೆ ಹೇಳವಳೋ, ಅವರ ಮುಂದೆಲ್ಲ ಅವಳ ಮುಖ ಏನಾಗ್ಬೇಕು? ವಿಷ ಮೆಷಿನ್ದೇ ಅಂದ್ಕೊಂಡಿದ್ದೆ, ಬೋರಿನ ಮೇಲೆ ಅನುಮಾನ ಬರ್ಲಿಲ್ಲ. ಬೋರ್ ನೀರು ಕುಡಿಯೋದು ಇವತ್ತೇ ನಿಲ್ಲಿಸ್ತೀನಿ, ಲೈನೋರಿಗೂ ಗುಡ್ಡದ ಮೇಲಿನ ಒರತೆಯಿಂದ ಪೈಪ್ ಎಳೆಸ್ತೀನಿ. ಮಿಕ್ಕಿದ್ದು ಕೇಳ್ಬೇಡಿ.”

ಆ ಮಾತು ಅವರು ಉಳಿಸಿಕೊಂಡರು. ಮೋಟಾರು ಸುಟ್ಟಿದೆ ಎಂದು ಮನೆಯಲ್ಲಿ ಹೇಳಿ, ಒರತೆ ನೀರು ತರಿಸಿದರು. ನೀರಿನ ಅಪಾಯ ಕಳೆಯಿತು, ಹುಡುಗಿಯ ಮೇಲಿನ ಅಪವಾದ ಹಾಗೇ ಉಳಿಯಿತು. ನಾನು ಬಾಯಿಬಿಟ್ಟರೆ ಹೇಳಿದವಳು ಸೌಮ್ಯ ಎಂದಾಗುತ್ತಿತ್ತು. ಇಷ್ಟು ಸಣ್ಣ ಮಾತನ್ನು ಗಂಟಲಲ್ಲಿಟ್ಟುಕೊಂಡು ಇಡೀ ಬೇಸಿಗೆ ನನಗೆ ಊಟ ಸೇರಲಿಲ್ಲ ಎಂದರೆ ಅಪ್ಪ ನಗುತ್ತಿದ್ದರು. “ನಿನ್ನ ಕೆಲಸ ನೀರು ನೋಡೋದು, ಮನೆ ನೋಡೋದಲ್ಲ” ಅನ್ನುತ್ತಿದ್ದರು. ಬಾವಿಯೊಳಗಿನ ನೀರನ್ನು ಮನೆಯಿಂದ ಬೇರೆ ಮಾಡಿ ನೋಡುವುದು ಹೇಗೋ, ನನಗೆ ಈಗಲೂ ಗೊತ್ತಿಲ್ಲ.

ಮಳೆಗಾಲ ಹಿಡಿಯಿತು. ಆಷಾಢದಲ್ಲಿ ಅತ್ತೆ, ಹೊಸ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂದು ಸೊಸೆಯನ್ನು ತವರಿಗೆ ಕಳಿಸುವುದು ವಾಡಿಕೆ. ಸೌಮ್ಯಾಳನ್ನು ಆಷಾಢ ಬರುವ ಮೊದಲೇ ಕಳಿಸಿಬಿಟ್ಟರು. ಯಾವಾಗ ಕರೆಸುತ್ತೀರಿ ಎಂದು ತವರಿನವರು ಕೇಳಿದ್ದಕ್ಕೆ ಪಾರ್ವತಮ್ಮ, “ಶ್ರಾವಣ ಬರ್ಲಿ, ನೋಡಾಣ” ಎಂದರಂತೆ. ಆ ‘ನೋಡಾಣ’ ಎಂಥದ್ದೆಂದು ಎಲ್ಲರಿಗೂ ಅರ್ಥವಾಗಿತ್ತು.

ಅವಳು ಹೋದ ಮೇಲೆ ಮಳೆ ಹುಚ್ಚೆದ್ದು ಸುರಿಯಿತು. ಬಾವಿಗೆ ನಿಜವಾದ ಒರತೆ ಒತ್ತಿ ಬಂತು, ನೀರು ಕಟ್ಟೆಯ ಹತ್ತಿರದವರೆಗೆ ಏರಿತು. ನಾವು ತಂದ ನೀರು ಮೊದಲಿನಂತೆ ಅಪ್ಪಟ. ಅದನ್ನು ಹೇಳಲು ಹೋದಾಗ ಪಾರ್ವತಮ್ಮ ಎರಡೂ ಕೈ ಮುಗಿದು, “ಹೋದ್ಲು, ಸರಿಯಾಯ್ತು” ಎಂದರು. ನಾನೇ ತಂದುಕೊಟ್ಟ ಒಳ್ಳೆಯ ಸುದ್ದಿ ಆ ಹುಡುಗಿಯ ಮನೆಬಾಗಿಲು ಮುಚ್ಚುತ್ತಿತ್ತು. ಜಗಲಿಯಲ್ಲಿ ಕೂತಿದ್ದ ಮಲ್ಲಪ್ಪನವರ ಎದುರು ಹೋಗಿ ನಿಂತೆ.

“ಸಾರ್, ವ್ಯಾನ್ ಇದೆ. ಅರಕಲಗೂಡಿಗೆ ಹೋಗಿ ಬರೋಣ ಬನ್ನಿ.”

ಅವರು ಛತ್ರಿ ತೆಗೆದುಕೊಂಡು ಎದ್ದರು. ಪೇಟೆಗೆ ಹೋಗಿ ಬರುತ್ತೇನೆಂದು ಹೆಂಡತಿಗೆ ಹೇಳಿದರು.

ಅರಕಲಗೂಡು ಮುಟ್ಟುವವರೆಗೂ ವೈಪರು ಆಡುತ್ತಲೇ ಇತ್ತು. ಸೌಮ್ಯ ಮಾವನನ್ನು ಕಂಡು ಗಾಬರಿಯಾದಳು, ಆಮೇಲೆ ಒಳಗೆ ಹೋಗಿ ಇಬ್ಬರಿಗೂ ನೀರು ತಂದಳು. ಮಲ್ಲಪ್ಪನವರು ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿದು ಮುಗಿಸಿ, ಪೈಪಿನ ವಿಷಯ ಹೇಳಿದರು. ಕಣ್ಣಲ್ಲಿ ನೀರಿತ್ತು. ತಪ್ಪಾಯ್ತು ಕಣಮ್ಮ ಎಂದರು. ಅವರ ವಯಸ್ಸಿನವರು, ಅವರ ಮರ್ಯಾದೆಯವರು ಸೊಸೆಯ ಮುಂದೆ ಹಾಗನ್ನುವುದು ಸಣ್ಣ ಮಾತಲ್ಲ. ಇನ್ನೇನು ಎಲ್ಲ ಸರಿಯಾಯಿತು ಎಂದುಕೊಂಡೆ.

ಸೌಮ್ಯ ಖಾಲಿ ಲೋಟ ತೆಗೆದುಕೊಂಡಳು.

“ನಂಗೆ ಅವತ್ತೇ ಗೊತ್ತಿತ್ತು ಮಾವ. ನಂಗ್ಯಾಕೆ ಹೇಳ್ತೀರ? ಅತ್ತೆಗೆ ಹೇಳಿ.”

ಅಷ್ಟೇ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಊಟ ಮಾಡಿಕೊಂಡು ಹೋಗಿ ಎಂದಳು. ನಾವು ನಿಲ್ಲಲಿಲ್ಲ.

ವಾಪಸು ಮನೆಯ ಗೇಟು ಸೇರಿದಾಗ ಮಲ್ಲಪ್ಪನವರು, ನೀವೂ ಒಳಗೆ ಬನ್ನಿ, ನೀವು ಓದಿದವರು ಹೇಳಿದರೆ ಅವಳಿಗೆ ತಿಳಿಯುತ್ತದೆ ಎಂದರು. ನಾನು ಇಳಿಯಲಿಲ್ಲ. ಯುರೇನಿಯಂ, ಬಂಡೆ ಎಂದೆಲ್ಲ ನಾನು ಶುರುಮಾಡಿದರೆ ಅವರ ಮಾತು ಅದರೊಳಗೆ ಅಡಗಿಹೋಗುತ್ತಿತ್ತು. ಛತ್ರಿಯನ್ನು ವ್ಯಾನಿನಲ್ಲೇ ಬಿಟ್ಟು ಅವರು ಅಂಗಳಕ್ಕೆ ಹೋದರು. ಪಾರ್ವತಮ್ಮ ಟವೆಲ್ ಹಿಡಿದು ಜಗಲಿಗೆ ಬಂದರು. ಮಲ್ಲಪ್ಪನವರು ಟವೆಲ್ ತೆಗೆದುಕೊಳ್ಳದೆ ಮಳೆಯಲ್ಲೇ ನಿಂತು ಮಾತಾಡಿದರು. ಮಳೆಯ ಸದ್ದಿಗೆ ನಮಗೇನೂ ಕೇಳಿಸಲಿಲ್ಲ. ಚಾಚಿದ್ದ ಟವೆಲಿನ ಕೈ ಮೆಲ್ಲಗೆ ಇಳಿದದ್ದು ಮಾತ್ರ ಕಂಡಿತು. ಪಾರ್ವತಮ್ಮ ಒಳಗೆ ಹೋದರು. ಮೊಯ್ದುಕ್ಕ ಇಂಜಿನ್ ಆಫ್ ಮಾಡಿ, “ಪಡೆಚ್ಚೋನೇ” ಎಂದು ದೇವರನ್ನು ಕರೆದರು.

ಸ್ವಲ್ಪ ಹೊತ್ತಿಗೆ ಪಾರ್ವತಮ್ಮ ಬೇರೆ ಸೀರೆ ಉಟ್ಟು ಹೊರಬಂದರು. ಗಂಡನನ್ನು ದಾಟಿ ನೇರ ವ್ಯಾನಿನ ಹತ್ತಿರ ಬಂದು, ತಾವೇ ಬಾಗಿಲು ಎಳೆದು, ನನ್ನ ಪಕ್ಕ ಕೂತರು.

“ಅಷ್ಟು ದಿನ ಆ ಮಗು ಕೈಯಿಂದ ಒಂದು ಲೋಟ ನೀರು ಮುಟ್ಟಲಿಲ್ಲ ನಾನು” ಎಂದರು ನನಗೆ. ಆಮೇಲೆ ಮೊಯ್ದುಕ್ಕನಿಗೆ, “ನಡೀರಿ, ಅರಕಲಗೂಡಿಗೆ.”

“ಈಗ ತಾನೇ ಅಲ್ಲಿಂದಲೇ ಬಂದದ್ದು ಅಮ್ಮ” ಎಂದರು ಮೊಯ್ದುಕ್ಕ.

“ಇನ್ನೊಂದು ಸಲ ಹೋಗಿ.”

ಮಲ್ಲಪ್ಪನವರು ನೆನೆಯುತ್ತಲೇ ಓಡಿ ಬಂದು ಕಿಟಕಿ ಹಿಡಿದುಕೊಂಡರು. ಆಷಾಢ ಮುಗೀಲಿ, ಇನ್ನೇನು ಶ್ರಾವಣ ಬಂತು, ಈಗ ನೀನು ಅವಳನ್ನ ಕರ್ಕೊಂಡು ಬಂದು ಒಂದೇ ಹೊಸ್ತಿಲು ದಾಟಿದ್ರೆ ಜನ ಏನಂತಾರೆ ಎಂದರು.

“ಶಾಸ್ತ್ರದ ಮಾತು ನೀವು ಆಡ್ಬೇಡಿ. ಶಾಸ್ತ್ರ ಬೇಕಿದ್ರೆ ಬಾವಿಗೆ ಪೈಪ್ ಬಿಡಬಾರದಿತ್ತು” ಎಂದು ಪಾರ್ವತಮ್ಮ ಕಿಟಕಿಯ ಗಾಜು ಏರಿಸಿದರು.